ಕಾಯಿಲೆಯ ಹೆಸರು ಬೇಡವೆಂದ ಕವಿ

ಅಕ್ಕನ ಬೋನ್ ಮ್ಯಾರೋ ಟೆಸ್ಟ್‌ನ ರಿಪೋರ್ಟ್ ಬಂದ ದಿನ ನಾನು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೆ. ಅದರಲ್ಲಿ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂದಿತ್ತು. ಅಮ್ಮನಿಗೆ ಆ ಹೆಸರು ಬಾಯಲ್ಲಿ ಹೊರಳಲಿಲ್ಲ. ರಕ್ತದ ಕ್ಯಾನ್ಸರ್ ಎಂದು ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳಿಗೆ ನೋವಾಗುತ್ತಾ ಎಂದಷ್ಟೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಕ್ಕನನ್ನೇ ಕೇಳಿದರೆ, ಏನೂ ಇಲ್ಲ ಬಿಡು, ಸುಸ್ತು ಅಷ್ಟೇ ಎನ್ನುತ್ತಿದ್ದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲ ಸುತ್ತಿನ ಕೀಮೋ ಶುರುವಾಯಿತು. ರಾತ್ರಿ ಕಾರಿಡಾರಿನ ಬೆಂಚಿನ ಮೇಲೆ ಕೂರುವ ಪಾಳಿ ನನ್ನದು. ಒಂದು ಮಧ್ಯಾಹ್ನ ಅವೆನ್ಯೂ ರಸ್ತೆಗೆ ಹೋಗಿ ಸಾಮಾನ್ಯ ಜ್ಞಾನದ ಹಳೆಯ ಪುಸ್ತಕ ಹುಡುಕುವಾಗ ತೆಳ್ಳಗಿನ ಒಂದು ಇಂಗ್ಲಿಷ್ ಪುಸ್ತಕ ಕೈಗೆ ಸಿಕ್ಕಿತು. ರೈನರ್ ಮರಿಯಾ ರಿಲ್ಕೆ ಎಂಬ ಜರ್ಮನ್ ಭಾಷೆಯ ಕವಿ ಒಬ್ಬ ಯುವಕನಿಗೆ ಬರೆದ ಕಾಗದಗಳು. ಹಿಂದಿನ ರಟ್ಟಿನ ಮೇಲೆ ಕವಿಯ ಪರಿಚಯವಿತ್ತು. ಕೊನೆಯ ಸಾಲಿನಲ್ಲಿ, 1926ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡ ಎಂದಿತ್ತು. ಸಾಮಾನ್ಯ ಜ್ಞಾನದ ಪುಸ್ತಕ ಬಿಟ್ಟು ಅದನ್ನೇ ಕೊಂಡು ತಂದೆ. ಆಮೇಲೆ ಸಿಕ್ಕಸಿಕ್ಕಲ್ಲಿ ಅವನ ಬದುಕಿನ ಬಗ್ಗೆ ಓದಿದೆ. ಅಮ್ಮನ ಪ್ರಶ್ನೆಗೆ ಅವನ ಬಳಿ ಉತ್ತರವಿರಬಹುದು ಎಂಬ ಹುಚ್ಚು ಆಸೆ.

ರಿಲ್ಕೆ ಹುಟ್ಟಿದ್ದು 1875ರ ಡಿಸೆಂಬರ್ 4ರಂದು, ಪ್ರಾಗ್ ನಗರದಲ್ಲಿ. ಅವನಿಗಿಂತ ಮೊದಲು ಹುಟ್ಟಿದ ಹೆಣ್ಣು ಮಗು ತೀರಿಕೊಂಡಿತ್ತು. ಆ ದುಃಖದಲ್ಲಿ ತಾಯಿ ಇವನಿಗೆ ಕೆಲವು ವರ್ಷ ಹುಡುಗಿಯ ಬಟ್ಟೆ ತೊಡಿಸಿ ಬೆಳೆಸಿದಳು. ತಂದೆ ರೈಲ್ವೆ ನೌಕರ. ಸೈನ್ಯದಲ್ಲಿ ದೊಡ್ಡ ಅಧಿಕಾರಿಯಾಗಬೇಕೆಂದಿದ್ದ ತಂದೆಗೆ ಅದು ಕೈಗೂಡಿರಲಿಲ್ಲ. ಹಾಗಾಗಿ ಮಗನನ್ನು ಹತ್ತನೇ ವಯಸ್ಸಿಗೇ ಸೈನಿಕ ಶಾಲೆಗೆ ಸೇರಿಸಿದರು. ಆ ಐದು ವರ್ಷಗಳನ್ನು ಹುಡುಗ ಜೀವನವಿಡೀ ಮರೆಯಲಿಲ್ಲ. 1891ರಲ್ಲಿ ಆರೋಗ್ಯ ಕೆಟ್ಟು ಅಲ್ಲಿಂದ ಹೊರಬಂದ. ನಂತರ ವಾಣಿಜ್ಯ ಶಾಲೆಗೆ ಹಾಕಿದರು, ಅದೂ ಹಿಡಿಸಲಿಲ್ಲ. ಅಪ್ಪ ಅಮ್ಮ ಆರಿಸಿದ ಕೋರ್ಸಿಗೆ ಸೇರಿ ಒದ್ದಾಡುವ ನಮ್ಮಂಥವರಿಗೆ ಈ ಭಾಗವನ್ನು ಯಾರೂ ವಿವರಿಸಬೇಕಾಗಿಲ್ಲ.

1897ರಲ್ಲಿ ಮ್ಯೂನಿಕ್‌ನಲ್ಲಿ ಲೂ ಆಂಡ್ರಿಯಾಸ್ ಸಲೋಮೆ ಎಂಬ ಲೇಖಕಿಯ ಪರಿಚಯವಾಯಿತು. ಅವಳು ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ರೆನೆ ಎಂಬ ಅವನ ಹೆಸರು ರೈನರ್ ಆದದ್ದು ಅವಳಿಂದಲೇ. ಇಬ್ಬರೂ ಎರಡು ಸಲ ರಷ್ಯಾಕ್ಕೆ ಹೋಗಿ ಟಾಲ್‌ಸ್ಟಾಯ್ ಅವರನ್ನು ಕಂಡುಬಂದರು. 1901ರಲ್ಲಿ ಶಿಲ್ಪಿ ಕ್ಲಾರಾ ವೆಸ್ಟ್‌ಹಾಫ್ ಜೊತೆ ರಿಲ್ಕೆಯ ಮದುವೆಯಾಯಿತು. ರೂತ್ ಎಂಬ ಮಗಳು ಹುಟ್ಟಿದಳು. ಮನೆ ನಡೆಸಲು ಕಾಸಿರಲಿಲ್ಲ. ಶಿಲ್ಪಿ ರೋಡಾನ್ ಬಗ್ಗೆ ಪುಸ್ತಕ ಬರೆಯುವ ಕೆಲಸ ಹಿಡಿದು 1902ರಲ್ಲಿ ಒಬ್ಬನೇ ಪ್ಯಾರಿಸ್‌ಗೆ ಹೋದ. ಮುಂದೆ ಕೆಲವು ತಿಂಗಳು ರೋಡಾನ್‌ಗೆ ಕಾರ್ಯದರ್ಶಿಯೂ ಆಗಿದ್ದ. 1906ರಲ್ಲಿ ಆ ಕೆಲಸವೂ ಹೋಯಿತು.

ನನ್ನ ಕೈಗೆ ಸಿಕ್ಕ ಕಾಗದಗಳು ಈ ಕಾಲದವು. ಫ್ರಾಂಜ್ ಕಾಪುಸ್ ಎಂಬ ಹತ್ತೊಂಬತ್ತರ ಹುಡುಗ ಸೈನಿಕ ಅಕಾಡೆಮಿಯಲ್ಲಿ ಓದುತ್ತಿದ್ದ. ತನ್ನ ಕವಿತೆ ಕಳಿಸಿ, ಚೆನ್ನಾಗಿದೆಯೇ ಎಂದು ಕೇಳಿದ. ಉತ್ತರ ಬರೆಯುವಾಗ ರಿಲ್ಕೆಗೆ ಇಪ್ಪತ್ತೇಳು ವರ್ಷ. ನೆಟ್ಟಗೆ ಒಂದು ಕೆಲಸವಿಲ್ಲ, ಮಗಳು ಜೊತೆಗಿಲ್ಲ. ಆದರೂ 1903ರಿಂದ 1908ರವರೆಗೆ ಹತ್ತು ಕಾಗದ ಬರೆದ. ಕವಿತೆ ಹೇಗಿದೆ ಎಂಬುದನ್ನು ಹೊರಗಿನವರಿಂದ ಕೇಳಬೇಡ, ನಿನ್ನೊಳಗೆ ನೋಡಿಕೋ ಎಂಬುದು ಅವುಗಳ ಒಟ್ಟು ಸಾರ. ಅವು ಪುಸ್ತಕವಾದದ್ದು 1929ರಲ್ಲಿ. ಅಷ್ಟರಲ್ಲಿ ರಿಲ್ಕೆ ಇರಲಿಲ್ಲ.

1912ರಲ್ಲಿ ಏಡ್ರಿಯಾಟಿಕ್ ಕಡಲ ದಂಡೆಯ ಡುಯಿನೊ ಕೋಟೆಯಲ್ಲಿ ಅತಿಥಿಯಾಗಿದ್ದಾಗ ಒಂದು ಕವಿತಾ ಸರಣಿ ಶುರು ಮಾಡಿದ. ಅದು ಬೇಗ ಮುಗಿಯಲಿಲ್ಲ. ನಡುವೆ ಮಹಾಯುದ್ಧ ಬಂತು. ಸೈನ್ಯಕ್ಕೆ ಕರೆ ಬಂದು ವಿಯೆನ್ನಾದಲ್ಲಿ ಕೆಲವು ತಿಂಗಳು ದುಡಿದ. ಹತ್ತು ವರ್ಷ ಆ ಸರಣಿ ಪೂರ್ತಿಯಾಗದೆ ಉಳಿದಿತ್ತು. 1921ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂಜೊ ಎಂಬಲ್ಲಿನ ಹಳೆಯ ಕಲ್ಲಿನ ಮನೆಗೆ ಬಂದು ನೆಲೆಸಿದ. 1922ರ ಫೆಬ್ರವರಿಯಲ್ಲಿ, ಒಂದೇ ತಿಂಗಳೊಳಗೆ, ಡುಯಿನೊದ ಹತ್ತು ಶೋಕಗೀತೆಗಳು ಮುಗಿದವು. ಅದೇ ತಿಂಗಳು ಆರ್ಫಿಯಸ್ ಹೆಸರಿನ 55 ಸಾನೆಟ್‌ಗಳನ್ನೂ ಬರೆದ.

ಆ ಸಾನೆಟ್‌ಗಳ ಹಿಂದಿನ ಕತೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವು ವೇರಾ ಎಂಬ ಹುಡುಗಿಯ ನೆನಪಿಗೆ ಬರೆದವು. ವೇರಾ ರಿಲ್ಕೆಯ ಮಗಳ ಆಟದ ಗೆಳತಿ. ಚೆನ್ನಾಗಿ ನೃತ್ಯ ಮಾಡುತ್ತಿದ್ದಳು. ಕಾಯಿಲೆ ಬಿದ್ದು ನೃತ್ಯ ಬಿಟ್ಟಳು, ಸಂಗೀತ ಹಿಡಿದಳು, ಅದೂ ಆಗದಾದಾಗ ಚಿತ್ರ ಬರೆದಳು. ಹತ್ತೊಂಬತ್ತನೇ ವಯಸ್ಸಿಗೆ ತೀರಿಕೊಂಡಳು. ಅವಳಿಗೆ ಇದ್ದದ್ದು ಲ್ಯುಕೇಮಿಯಾ. ಮಗಳ ಕೊನೆಯ ದಿನಗಳ ಬಗ್ಗೆ ತಾಯಿ ಬರೆದಿಟ್ಟಿದ್ದನ್ನು ರಿಲ್ಕೆ 1922ರ ಹೊಸ ವರ್ಷದ ಹೊತ್ತಿಗೆ ಓದಿದ್ದ. ತನ್ನನ್ನು ಒಯ್ಯಲಿರುವ ಕಾಯಿಲೆಯ ಕತೆಯನ್ನೇ ಅವನು ಗೊತ್ತಿಲ್ಲದೆ ಓದಿಕೊಂಡಂತಾಯಿತು.

ಮುಂದಿನ ವರ್ಷದಿಂದಲೇ ಅವನ ಆರೋಗ್ಯ ಇಳಿಯತೊಡಗಿತು. ಜಿನೀವಾ ಸರೋವರದ ಬಳಿಯ ವಾಲ್ಮಾಂಟ್ ಆರೋಗ್ಯಧಾಮಕ್ಕೆ ಮತ್ತೆ ಮತ್ತೆ ಹೋಗಿ ಬಂದ. ವೈದ್ಯರಿಗೆ ಕಾರಣ ಸಿಗಲಿಲ್ಲ. 1925ರಲ್ಲಿ ಬಾಯಿಯೊಳಗೆ ಗಂಟುಗಳು ಕಾಣಿಸಿಕೊಂಡಾಗ ಭಯಪಟ್ಟು ಹಳೆಯ ಗೆಳತಿ ಲೂಗೆ ಕಾಗದ ಬರೆದ. 1926ರ ಶರತ್ಕಾಲದಲ್ಲಿ ಮನೆಗೆ ಬಂದ ಅತಿಥಿಗೆಂದು ಗುಲಾಬಿ ಕೀಳುವಾಗ ಮುಳ್ಳು ಚುಚ್ಚಿತು. ಗಾಯ ಕೀವಾಯಿತು, ಕೈ ಊದಿಕೊಂಡಿತು. ಗುಲಾಬಿ ಮುಳ್ಳಿನಿಂದ ಸತ್ತ ಕವಿ ಎಂಬ ದಂತಕತೆ ಹುಟ್ಟಿದ್ದು ಹೀಗೆ. ಮುಳ್ಳು ನೆಪ ಮಾತ್ರ. ಅವನ ರಕ್ತದಲ್ಲಿ ಸೋಂಕನ್ನು ತಡೆಯುವ ಶಕ್ತಿಯೇ ಆಗ ಉಳಿದಿರಲಿಲ್ಲ.

ನವೆಂಬರ್ ಕೊನೆಗೆ ಮತ್ತೆ ವಾಲ್ಮಾಂಟ್ ಸೇರಿದ. ತೀವ್ರ ಲ್ಯುಕೇಮಿಯಾ ಎಂದು ಪತ್ತೆಯಾದದ್ದು ಆಗಲೇ. ಬಾಯಿ, ಗಂಟಲಿನ ತುಂಬ ಹುಣ್ಣು. ಮೈಮೇಲೆ ಕಪ್ಪು ಗುಳ್ಳೆಗಳು. ನೀರು ನುಂಗುವುದೂ ಕಷ್ಟ. ಇಷ್ಟಾದರೂ ಪ್ರಜ್ಞೆ ತಪ್ಪಿಸುವಂಥ ನೋವಿನ ಔಷಧ ಬೇಡವೆಂದ. ಎಚ್ಚರದಲ್ಲೇ ಇರಬೇಕು ಎಂಬ ಹಟ. ಆದರೆ ಕಾಯಿಲೆಯ ಹೆಸರೇನು ಎಂದು ಮಾತ್ರ ವೈದ್ಯರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಡಿಸೆಂಬರ್ ನಡುವೆ ಜೇಬಿನ ಪುಸ್ತಕದಲ್ಲಿ ಕೊನೆಯ ಕವಿತೆ ಬರೆದ. ಅದು ನೋವಿನ ಬಗ್ಗೆಯೇ. ತನ್ನ ದೇಹದೊಳಗೆ ಹೊತ್ತಿ ಉರಿಯುತ್ತಿರುವ, ವಾಸಿಯಾಗದ ನೋವನ್ನು ಎದುರು ನಿಲ್ಲಿಸಿ ಮಾತನಾಡಿಸಿದ. ಡಿಸೆಂಬರ್ 29ರ ಬೆಳಗ್ಗೆ ಪ್ರಾಣ ಬಿಟ್ಟ. ಆಗ ಅವನಿಗೆ 51 ವರ್ಷ. ರಾರೊನ್ ಎಂಬ ಊರಿನ ಚರ್ಚಿನ ಪಕ್ಕದಲ್ಲಿ ಅವನ ಸಮಾಧಿಯಿದೆ. ಅದರ ಮೇಲಿನ, ಅವನೇ ಮೊದಲೇ ಬರೆದಿಟ್ಟಿದ್ದ ಮೂರು ಸಾಲುಗಳು ಗುಲಾಬಿಯ ಕುರಿತಾಗಿವೆ.

ಇದನ್ನೆಲ್ಲ ಓದಿ ನನಗೆ ಧೈರ್ಯ ಬರಲಿಲ್ಲ, ಹೆದರಿಕೆಯಾಯಿತು. ಮರುದಿನ ರೌಂಡ್ಸ್‌ಗೆ ಬಂದ ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ನಿಂತು ಸಮಾಧಾನದಿಂದ ಹೇಳಿದರು. ಈ ಕಾಯಿಲೆ ಎಲ್ಲರಿಗೂ ನೋವು ಕೊಡುವುದಿಲ್ಲ. ಹಲವರಲ್ಲಿ ಸುಸ್ತು, ಜ್ವರ, ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಇವೇ ಮೊದಲ ಸೂಚನೆ. ಬಲಿಯದ ಬಿಳಿ ರಕ್ತಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಕಿಕ್ಕಿರಿದು ತುಂಬಿದಾಗ ಕೆಲವರಿಗೆ ಮೂಳೆ, ಕೀಲುಗಳಲ್ಲಿ ನೋವು ಬರುತ್ತದೆ. ಗುಲ್ಮ ಊದಿದರೆ ಎಡ ಪಕ್ಕೆಲುಬಿನ ಕೆಳಗೆ ಭಾರವೆನಿಸುತ್ತದೆ. ಸೋಂಕು ತಡೆಯುವ ಕಣಗಳು ಕಡಿಮೆಯಾದಾಗ ಬಾಯಿ ಹುಣ್ಣಾಗುತ್ತದೆ, ಕೀಮೋದಿಂದಲೂ ಆಗುತ್ತದೆ. ಇದಕ್ಕೆಲ್ಲ ಔಷಧವಿದೆ, ಬೇಕಾದರೆ ಮಾರ್ಫಿನ್ ಕೂಡ. ಆದರೆ ರೋಗಿ ಬಾಯಿ ಬಿಟ್ಟು ಹೇಳಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ನೀವಾಗಿ ಕೊಡಬೇಡಿ, ಪ್ಲೇಟ್‌ಲೆಟ್ ಕಡಿಮೆಯಿರುವಾಗ ಕೆಲವು ಮಾತ್ರೆಗಳಿಂದ ರಕ್ತಸ್ರಾವವಾಗಬಹುದು ಎಂದೂ ಎಚ್ಚರಿಸಿದರು.

ರಿಲ್ಕೆಯ ಕಾಲದಲ್ಲಿ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಔಷಧದಿಂದ ಮಕ್ಕಳ ತೀವ್ರ ಲ್ಯುಕೇಮಿಯಾವನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಬಹುದು ಎಂದು ಬಾಸ್ಟನ್‌ನ ಸಿಡ್ನಿ ಫಾರ್ಬರ್ ತೋರಿಸಿಕೊಟ್ಟದ್ದು 1948ರಲ್ಲಿ. ಅಕ್ಕನಿಗೆ ಕೊಡುತ್ತಿದ್ದ ಔಷಧಗಳು ಬಳಕೆಗೆ ಬಂದದ್ದು ಅದಕ್ಕೂ ಎಷ್ಟೋ ವರ್ಷ ಆದಮೇಲೆ.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು. ರಿಲ್ಕೆಗೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ, ಆದರೆ ನೋವನ್ನು ಅವನು ಮುಚ್ಚಿಡಲಿಲ್ಲ. ನಮ್ಮ ಮನೆಯಲ್ಲಿ ಕಾಯಿಲೆಯ ಹೆಸರು ಎಲ್ಲರಿಗೂ ಗೊತ್ತಿತ್ತು, ನೋವಿನ ಮಾತು ಮಾತ್ರ ಯಾರೂ ಆಡುತ್ತಿರಲಿಲ್ಲ. ಔಷಧ ಬೇಡವೆಂದ ಅವನ ಹಟ ಅವನದು. ಅದು ಎಲ್ಲರೂ ಅನುಸರಿಸಬೇಕಾದ ಆದರ್ಶ ಎಂದು ನನಗನ್ನಿಸುವುದಿಲ್ಲ.

ಅಕ್ಕನ ಪಕ್ಕ ಹೋಗಿ ಕುಳಿತೆ. ನೋವಿದೆಯಾ ಎಂದು ಕೇಳಲಿಲ್ಲ, ಅದಕ್ಕೆ ಅವಳ ಬಳಿ ಸಿದ್ಧ ಉತ್ತರವಿತ್ತು. ಎಲ್ಲಿ, ಎಷ್ಟು, ಹತ್ತಕ್ಕೆ ಎಷ್ಟು ಅಂಕ ಕೊಡ್ತೀಯ ಎಂದು ಕೇಳಿದೆ. ಪರೀಕ್ಷೆ ಬರೆಯೋನು ನೀನಾ ನಾನಾ ಎಂದು ನಕ್ಕಳು. ಆಮೇಲೆ ಗೋಡೆಯ ಕಡೆ ನೋಡುತ್ತಾ, ಕಾಲಿನ ಮೂಳೆಗೆ ಏಳು, ಬಾಯಿಗೆ ಎಂಟು ಎಂದಳು. ನಾಲ್ಕು ದಿನದಿಂದ ಗಂಜಿ ನುಂಗಲು ಆಗುತ್ತಿರಲಿಲ್ಲವಂತೆ. ಅಮ್ಮ ಹೆದರಿಕೊಳ್ಳುತ್ತಾಳೆ ಎಂದು ಹೇಳಿರಲಿಲ್ಲ. ನರ್ಸ್‌ಗೆ ತಿಳಿಸಿದೆ, ಡ್ಯೂಟಿ ಡಾಕ್ಟರ್ ಬಂದು ಔಷಧ ಬರೆದರು. ಬೆಳಗಿನ ಜಾವ ಅಕ್ಕ ನಿದ್ದೆ ಹೋದಳು. ಅಮ್ಮನಿಗೆ ಫೋನ್ ಮಾಡಿ, ನೋವಾಗುತ್ತಮ್ಮಾ, ಆದರೆ ಕಡಿಮೆ ಮಾಡ್ತಾರೆ ಎಂದೆ. ಆಚೆಯಿಂದ ನಿಟ್ಟುಸಿರು ಕೇಳಿಸಿತು.

ಅಕ್ಕ ಈಗ ಮನೆಯಲ್ಲಿದ್ದಾಳೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋಗಿ ಬರುತ್ತೇವೆ. ನಾನು ಎಫ್‌ಡಿಎ ಪರೀಕ್ಷೆ ಆ ವರ್ಷ ಬರೆಯಲಿಲ್ಲ, ಮುಂದಿನ ಅಧಿಸೂಚನೆಗೆ ಓದುತ್ತಿದ್ದೇನೆ. ತೆಳ್ಳಗಿನ ಆ ಪುಸ್ತಕ ಅಕ್ಕನ ದಿಂಬಿನ ಪಕ್ಕ ಇದೆ. ದಿನಾ ಸಂಜೆ ಓದು ಮುಗಿಸಿ ಅವಳ ಕೋಣೆಗೆ ಹೋದಾಗ ಇವತ್ತು ಎಷ್ಟು ಎಂದು ಕೇಳುತ್ತೇನೆ. ನಿನ್ನೆ ಒಂದು ಎಂದಳು.