ಬಿರುದಿಲ್ಲದೆ ಕಲಿತ ವಿಲಿಯಂ ಕೇರಿಯವರು

ಇಂಗ್ಲೆಂಡು ದೇಶದ ನಾರ್ಥಾಂಪ್ಟನ್ ಸೀಮೆಯಲ್ಲಿ ಪಾಲರ್ಸ್‌ಪರಿ ಎಂಬ ಹಳ್ಳಿಯುಂಟು. ಅಲ್ಲಿ 1761ನೆಯ ಇಸವಿ ಆಗಸ್ಟ್ 17ರಂದು ಬಡ ನೇಕಾರನೊಬ್ಬನ ಮನೆಯಲ್ಲಿ ವಿಲಿಯಂ ಕೇರಿಯವರು ಹುಟ್ಟಿದರು. ಮುಂದೆ ಅವರ ತಂದೆಯು ಆ ಊರಿನ ಶಾಲೆಗೆ ಉಪಾಧ್ಯಾಯನಾದನು. ಆ ಹಳ್ಳಿಯ ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚಿನ ಶಾಲೆಯ ಓದು ಅವರಿಗೆ ದೊರೆಯಲಿಲ್ಲ. 14ನೆಯ ವಯಸ್ಸಿನಲ್ಲಿ ಅವರನ್ನು ಪಿಡಿಂಗ್ಟನ್ ಎಂಬಲ್ಲಿ ಜೋಡು ಹೊಲಿಯುವವನ ಬಳಿ ಕೆಲಸ ಕಲಿಯಲು ಬಿಟ್ಟರು.

ಆ ಅಂಗಡಿಯಲ್ಲಿದ್ದ ಹೊಸ ಒಡಂಬಡಿಕೆಯ ವ್ಯಾಖ್ಯಾನವೊಂದರಲ್ಲಿ ಗ್ರೀಕ್ ಅಕ್ಷರಗಳು ಅವರ ಕಣ್ಣಿಗೆ ಬಿದ್ದವು. ಅವರು ಆ ಅಕ್ಷರಗಳನ್ನು ಕಾಗದದಲ್ಲಿ ಬರಕೊಂಡು, ಸ್ವಂತ ಊರಿನಲ್ಲಿ ಆ ಭಾಷೆ ಬಲ್ಲ ನೇಕಾರನೊಬ್ಬನಲ್ಲಿಗೆ ಹೋಗಿ ಅರ್ಥವನ್ನು ಕೇಳಿದರು. ಹೀಗೆ ಮಾಡೆಂದು ಯಾರೂ ಗದರಿಸಲಿಲ್ಲ. ಯಾರೂ ಬಹುಮಾನ ತೋರಿಸಲಿಲ್ಲ. ತಿಳಿಯಬೇಕೆಂಬ ಹಸಿವೇ ಅವರಿಗೆ ಗುರುವಾಯಿತು. 1779ರಲ್ಲಿ ಅವರು ತಮ್ಮನ್ನು ರಕ್ಷಕನಿಗೆ ಒಪ್ಪಿಸಿಕೊಟ್ಟ ಮೇಲೆ ಆ ಹಸಿವಿಗೆ ಒಂದು ಗುರಿಯೂ ದೊರೆಯಿತು. ಚರ್ಮ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಅಭ್ಯಾಸ ಮಾಡಿದರು.

1785ರಲ್ಲಿ ಓಲ್ನಿ ಊರಿನ ಸಭೆಯವರು ಅವರ ಪ್ರಸಂಗವನ್ನು ಪರೀಕ್ಷಾರ್ಥವಾಗಿ ಕೇಳಿದರು. ಆದರೆ ಒಡನೆ ಒಪ್ಪದೆ, ಇನ್ನೊಮ್ಮೆ ಪರೀಕ್ಷಿಸಬೇಕೆಂದು ತೀರ್ಮಾನಿಸಿದರು. ಒಪ್ಪಿಗೆಯು ಮರುವರುಷ ದೊರೆಯಿತು. ಮೋಲ್ಟನ್ ಎಂಬ ಹಳ್ಳಿಯಲ್ಲಿ ಶಾಲೆ ನಡಿಸಿದಾಗಲೂ ಹುಡುಗರನ್ನು ಅಂಕೆಯಲ್ಲಿಡಲು ಅವರಿಗೆ ಬರಲಿಲ್ಲ. ಲೋಕದ ಅಳತೆಯಲ್ಲಿ ಅವರು ತೇರ್ಗಡೆಯಾದವರಲ್ಲ. ಆದರೂ ಕಾಗದಗಳನ್ನು ಅಂಟಿಸಿ ಕೈಯಿಂದ ಬರೆದ ಭೂಪಟವೊಂದು ಅವರ ಗೋಡೆಯ ಮೇಲಿತ್ತು. ಸುವಾರ್ತೆಯನ್ನು ಕೇಳದ ದೇಶಗಳನ್ನು ಅದರಲ್ಲಿ ನೋಡುತ್ತಾ ಅವರ ಮನಸ್ಸು ಮರುಗುತ್ತಿತ್ತು. ಈ ಮರುಕವೇ 1792ರಲ್ಲಿ ಬ್ಯಾಪ್ಟಿಸ್ಟ್ ಮಿಶನ್ ಸಂಘವು ಹುಟ್ಟಲು ಕಾರಣವಾಯಿತು. ಇದೇ 1793ರಲ್ಲಿ ಅವರನ್ನು ಬಂಗಾಳಕ್ಕೆ ಕರತಂದಿತು.

ಅಲ್ಲಿಯೂ ಫಲವು ಬೇಗನೆ ಕಾಣಲಿಲ್ಲ. 1794ರಲ್ಲಿ ಪೀಟರನೆಂಬ ಚಿಕ್ಕ ಮಗನು ತೀರಿಹೋದನು, ಹೆಂಡತಿಗೆ ಬುದ್ಧಿಭ್ರಮಣೆಯುಂಟಾಯಿತು. ಏಳು ವರುಷ ಕಳೆದ ಮೇಲೆ, 1800ನೆಯ ಇಸವಿ ಡಿಸೆಂಬರ್ 28ರಂದು, ಕೃಷ್ಣ ಪಾಲನೆಂಬ ಬಡಗಿಯು ಶ್ರೀರಾಮಪುರದಲ್ಲಿ ದೀಕ್ಷಾಸ್ನಾನ ಹೊಂದಿದನು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಅಚ್ಚಾಯಿತು. ಅದೇ ವರುಷ ಸರಕಾರದವರು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅವರನ್ನು ಬಂಗಾಳಿ ಕಲಿಸಲು ನೇಮಿಸಿದರು. ತಿಂಗಳಿಗೆ 500 ರೂಪಾಯಿ ಸಂಬಳವುಂಟಾದರೂ ಅವರು ಅದನ್ನು ಮಿಶನ್ ಕೆಲಸಕ್ಕೆ ಒಪ್ಪಿಸುತ್ತಿದ್ದರು. 1807ರಲ್ಲಿ ಅಮೇರಿಕದ ಬ್ರೌನ್ ವಿಶ್ವವಿದ್ಯಾಲಯವು ಅವರಿಗೆ ದೇವಜ್ಞಾನದ ಡಾಕ್ಟರೆಂಬ ಬಿರುದನ್ನು ಕೊಟ್ಟಿತು. ಕೆಲಸವು ಮುಂಚೆ, ಬಿರುದು ಆಮೇಲೆ ಬಂದದ್ದನ್ನು ಓದುವವರು ಗಮನಿಸಲಿ.

1812ನೆಯ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ವರುಷಗಟ್ಟಲೆ ಬರೆದ ಹಸ್ತಪ್ರತಿಗಳು ಬೂದಿಯಾದವು. ನಮ್ಮ ಕನ್ನಡದ ಭಾಷಾಂತರವೂ ಅವುಗಳಲ್ಲಿ ಸೇರಿತ್ತು. ಸುಟ್ಟುಹೋದದ್ದನ್ನು ಮರಳಿ ಬರೆಯುವವನಿಗೆ ಯಾವ ಪರೀಕ್ಷಕನು ಅಂಕ ಕೊಡುವನು? ಆದರೂ ಕೇರಿಯವರು ಮತ್ತೆ ಮೊದಲಿನಿಂದ ಆರಂಭಿಸಿದರು. 1817ರಲ್ಲಿ ಅವರು ರಚಿಸಿದ ಕನ್ನಡ ವ್ಯಾಕರಣವು ಅಲ್ಲಿಯೇ ಅಚ್ಚಾಯಿತು. ತಮ್ಮಲ್ಲಿ ಇರುವುದು ಜಾಣತನವಲ್ಲ, ಹಿಡಿದದ್ದನ್ನು ಬಿಡದೆ ಎಳೆಯುವ ಗುಣವೊಂದೇ ಎಂದು ಅವರು ಎಣಿಸುತ್ತಿದ್ದರು.

ಅವರು ವಿದ್ಯೆಯನ್ನು ತಿರಸ್ಕರಿಸಿದವರಲ್ಲ. ಹಳ್ಳಿಯ ಮಕ್ಕಳಿಗಾಗಿ ಅನೇಕ ಶಾಲೆಗಳು ಅವರಿಂದಲೂ ಅವರ ಜೊತೆಗಾರರಿಂದಲೂ ಉಂಟಾದವು. 1818ರಲ್ಲಿ ಇವರು ಸ್ಥಾಪಿಸಿದ ಶ್ರೀರಾಮಪುರದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ಅರಸನು ಬಿರುದು ಕೊಡುವ ಅಧಿಕಾರವನ್ನು ದಯಪಾಲಿಸಿದನು. ಕಾಲೇಜಿನಲ್ಲಿ ಓದದ ಮನುಷ್ಯನ ಕೈಯಿಂದ ಇತರರಿಗೆ ಬಿರುದು ಕೊಡುವ ಕಾಲೇಜು ಉಂಟಾಯಿತು! 1834ನೆಯ ಜೂನ್ 9ರಂದು ಅವರು ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ತಂದೆತಾಯಿಗಳೇ, ಪರೀಕ್ಷೆಯ ಅಂಕಗಳು ಸುಳ್ಳಲ್ಲ. ಮಗುವು ಆ ದಿನ ಎಷ್ಟನ್ನು ನೆನಪಿನಲ್ಲಿಟ್ಟಿತ್ತೆಂದು ಅವು ತಿಳಿಸುತ್ತವೆ. ಅದು ಯಾವುದನ್ನು ಪ್ರೀತಿಸುತ್ತದೆಂದು ತಿಳಿಸಲಾರವು. ಅಂಕ ಕಡಿಮೆಯಾಯಿತೆಂದು ಮಗನನ್ನಾಗಲಿ ಮಗಳನ್ನಾಗಲಿ ಶಾಲೆಯಿಂದ ಬಿಡಿಸಿ ದನದ ಹಿಂದೆ ಕಳುಹಿಸಬೇಡಿರಿ. ಯಾವ ಕೆಲಸದಲ್ಲಿ ಆ ಮಗು ಹೊತ್ತನ್ನು ಮರೆಯುತ್ತದೆಂದು ನೋಡಿರಿ. ಯಾರ ಸಂಕಟಕ್ಕೆ ಮರುಗುತ್ತದೆಂದು ವಿಚಾರಿಸಿರಿ. ಕರ್ತನು ಕೊಟ್ಟ ತಲಾಂತು ಅಲ್ಲಿರಬಹುದು. ಅದನ್ನು ನೆಲದಲ್ಲಿ ಹೂಳುವವರು ನಾವಾಗದಿರೋಣ.