ಕ್ಲಿಯೋಪಾತ್ರಳನ್ನು ಕೆತ್ತಿದ ಕೈ

ಲ್ಯಾಬ್ ರೆಕಾರ್ಡ್ ಸ್ವಲ್ಪ ನೀಟಾಗಿ ಬರೆದುಕೊಂಡು ಹೋದರೆ, ಇದನ್ನು ನಾವೇ ಬರೆದಿದ್ದಾ ಅಂತ ಅನುಮಾನದಿಂದ ನೋಡುವವರು ಇದ್ದೇ ಇರ್ತಾರೆ. ನಮಗೆ ಅದು ಐದು ನಿಮಿಷದ ಬೇಜಾರು. ಅಮೆರಿಕದ ಶಿಲ್ಪಿ ಎಡ್ಮೋನಿಯಾ ಲೂಯಿಸ್ ಇದೇ ಅನುಮಾನಕ್ಕೆ ಹೆದರಿ ಟನ್‌ಗಟ್ಟಲೆ ಅಮೃತಶಿಲೆಯನ್ನು ತಾನೇ ಕೆತ್ತಿದಳು.

ಹುಟ್ಟಿದ್ದು 1844ರ ಸುಮಾರಿಗೆ, ನ್ಯೂಯಾರ್ಕ್ ರಾಜ್ಯದಲ್ಲಿ. ತಂದೆ ಕಪ್ಪು ಜನಾಂಗದವರು, ತಾಯಿ ಒಜಿಬ್ವೆ ಮೂಲನಿವಾಸಿ ಮನೆತನದವರು. ಚಿಕ್ಕಂದಿನಲ್ಲೇ ಇಬ್ಬರೂ ತೀರಿಕೊಂಡರು. ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಅಣ್ಣ ದುಡ್ಡು ಕಳಿಸಿ ಓದಿಸಿದ. 1859ರಲ್ಲಿ ಆಕೆ ಸೇರಿದ್ದು ಓಹಿಯೋದ ಓಬರ್ಲಿನ್ ಕಾಲೇಜಿಗೆ. ಆ ಕಾಲದಲ್ಲೇ ಹೆಣ್ಣುಮಕ್ಕಳನ್ನೂ ಕಪ್ಪು ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತಿದ್ದ ಕಾಲೇಜು ಅದು. ಹಾಗಂತ ಅಲ್ಲಿ ನೆಮ್ಮದಿ ಇತ್ತು ಅಂದುಕೊಳ್ಳಬೇಡಿ. 1862ರಲ್ಲಿ, ಜೊತೆಯಲ್ಲಿದ್ದ ಇಬ್ಬರು ಬಿಳಿಯ ಹುಡುಗಿಯರಿಗೆ ವೈನ್‌ನಲ್ಲಿ ವಿಷ ಹಾಕಿದಳು ಅನ್ನೋ ಆರೋಪ ಬಂತು. ವಿಚಾರಣೆಗೆ ಮೊದಲೇ ಯಾರೋ ಆಕೆಯನ್ನು ಎಳೆದೊಯ್ದು, ಹೊಡೆದು, ಚಳಿಯಲ್ಲಿ ಹೊಲದಲ್ಲಿ ಬಿಟ್ಟುಹೋದರು. ಅದೇ ಕಾಲೇಜಿನಲ್ಲಿ ಓದಿದ್ದ ಕಪ್ಪು ವಕೀಲ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ವಾದಿಸಿದರು, ಕೇಸು ಬಿದ್ದುಹೋಯ್ತು. ಮರುವರ್ಷ ಕಲಾ ಸಾಮಗ್ರಿ ಕದ್ದಳು ಅಂತ ಇನ್ನೊಂದು ಆರೋಪ. ಅದೂ ನಿಲ್ಲಲಿಲ್ಲ, ಆದರೆ ಕೊನೆಯ ಟರ್ಮ್‌ಗೆ ಸೇರೋಕೆ ಬಿಡಲಿಲ್ಲ. ಪದವಿ ಇಲ್ಲದೆ ಹೊರಟಳು.

ಬಾಸ್ಟನ್‌ನಲ್ಲಿ ಶಿಲ್ಪ ಕಲಿತು, ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರ ದಳ ನಡೆಸಿ ಸತ್ತ ಕರ್ನಲ್ ರಾಬರ್ಟ್ ಗೂಲ್ಡ್ ಶಾನ ಎದೆಮಟ್ಟದ ಪ್ರತಿಮೆ ಮಾಡಿದಳು. ಅದರ ಪ್ಲಾಸ್ಟರ್ ಪ್ರತಿಗಳನ್ನು ಮಾರಿ ಬಂದ ದುಡ್ಡಿನ ನೆರವಿನಿಂದಲೇ ರೋಮ್ ಸೇರಿದಳು.

ರೋಮ್‌ನಲ್ಲಿದ್ದ ಹೆಚ್ಚಿನ ಶಿಲ್ಪಿಗಳು ಜೇಡಿಮಣ್ಣಿನಲ್ಲಿ ಮಾದರಿ ಮಾಡಿ, ಕಲ್ಲು ಕೆತ್ತೋ ಕೆಲಸವನ್ನು ಇಟಲಿಯ ಕುಶಲಕರ್ಮಿಗಳಿಗೆ ಒಪ್ಪಿಸುತ್ತಿದ್ದರು. ಅದೇನೂ ಮೋಸವಲ್ಲ, ಅಲ್ಲಿನ ಪದ್ಧತಿ. ಆದರೆ ಕಪ್ಪು ಹೆಣ್ಣೊಬ್ಬಳು ಹಾಗೆ ಮಾಡಿದರೆ ಶಿಲ್ಪ ಆಕೆಯದೇ ಅಲ್ಲ ಅಂದುಬಿಡುತ್ತಾರಲ್ಲ! ಹಾಗಾಗಿ ಹೆಚ್ಚಿನ ಕೆತ್ತನೆಯನ್ನು ತಾನೇ ಮಾಡಿದಳು. ಸಂಕೋಲೆ ಕಳಚಿಕೊಂಡ ಗಂಡು-ಹೆಣ್ಣಿನ ‘ಫಾರೆವರ್ ಫ್ರೀ’ ಶಿಲ್ಪ 1867ರದು.

1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ‘ಕ್ಲಿಯೋಪಾತ್ರಳ ಸಾವು’ ಹೋಯಿತು. ತೂಕ ಒಂದು ಟನ್‌ಗಿಂತ ಜಾಸ್ತಿ. ಬೇರೆಯವರ ಕ್ಲಿಯೋಪಾತ್ರ ಕೂತು ಯೋಚಿಸುತ್ತಿದ್ದರೆ, ಇವಳದು ಸಿಂಹಾಸನದಲ್ಲೇ ಸತ್ತು, ತಲೆ ವಾಲಿಬಿದ್ದಿತ್ತು. ಕೆಲವರು ಮೆಚ್ಚಿದರು, ಕೆಲವರು ಬೆಚ್ಚಿದರು, ಕೊಳ್ಳುವವರು ಬರಲಿಲ್ಲ. ಮುಂದಿನ ಕಥೆ ನಂಬೋಕೇ ಕಷ್ಟ: ಶಿಲ್ಪ ಶಿಕಾಗೋದ ಒಂದು ಸಲೂನ್ ಸೇರಿತು, ಅಂದರೆ ಹೆಂಡದಂಗಡಿ. ಅಲ್ಲಿಂದ ಒಬ್ಬ ಜೂಜುಗಾರನ ಕೈಗೆ. ಅವನ ರೇಸ್ ಕುದುರೆಯ ಹೆಸರೂ ಕ್ಲಿಯೋಪಾತ್ರ. ಅದರ ಗೋರಿಯ ಮೇಲೆ ನಿಲ್ಲಿಸಿದ. ರೇಸ್ ಕೋರ್ಸ್ ಹೋಗಿ ಗಾಲ್ಫ್ ಮೈದಾನ ಬಂದರೂ ರಾಣಿ ಅಲ್ಲೇ ಇದ್ದಳು. 1970ರ ದಶಕದಲ್ಲಿ ಗುಜರಿ ಸಾಮಾನಿನ ಯಾರ್ಡ್ ಒಂದಕ್ಕೆ ಹೋಗಿ ಬಿದ್ದಳು. ಪಾಪ, ಸ್ಕೌಟ್ ಹುಡುಗರು ಕಾಳಜಿಯಿಂದ ಪೇಂಟ್ ಬೇರೆ ಬಳಿದಿದ್ದರು. ಅದನ್ನೆಲ್ಲ ತೆಗೆದು ಸರಿಪಡಿಸಿ ಇಟ್ಟುಕೊಂಡಿರುವುದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್.

ಎಡ್ಮೋನಿಯಾ 1907ರಲ್ಲಿ ಲಂಡನ್‌ನಲ್ಲಿ ತೀರಿಕೊಂಡಳು. ಓಬರ್ಲಿನ್ ಕಾಲೇಜು ಆಕೆಗೆ ಪದವಿ ಕೊಟ್ಟಿದ್ದು 2022ರಲ್ಲಿ.