ಸುಧೆಯ ವ್ಯಾಪಾರಿ ಹೆಂಡದ ಮಾರಯ್ಯ

ಬಸವಣ್ಣನ ಕಾಲದ ಕಲ್ಯಾಣದಲ್ಲಿ ಮಾರಯ್ಯನೆಂಬ ಹೆಸರಿನವರು ಒಬ್ಬಿಬ್ಬರಲ್ಲ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವನು ಆಯ್ದಕ್ಕಿ ಮಾರಯ್ಯ. ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಟ್ಟಿಗೆಯ ಹೊರೆ ಹೊತ್ತನೆಂದು ಪರಂಪರೆ ಕೊಂಡಾಡುವವನು ಮೋಳಿಗೆಯ ಮಾರಯ್ಯ. ಇವರಿಬ್ಬರ ಕಥೆಯನ್ನು ಪುರಾಣಿಕರೂ ನಾಟಕಕಾರರೂ ಸಾಕಷ್ಟು ಹೇಳಿದ್ದಾರೆ. ಇನ್ನೊಬ್ಬ ಮಾರಯ್ಯನಿದ್ದಾನೆ, ತರಗತಿಯಲ್ಲಿ ಅವನ ಹೆಸರನ್ನು ಉಚ್ಚರಿಸಿದೊಡನೆ ಹಿಂದಿನ ಬೆಂಚುಗಳಲ್ಲಿ ಸಣ್ಣ ನಗೆಯೊಂದು ಹುಟ್ಟುತ್ತದೆ. ಅವನೇ ಹೆಂಡದ ಮಾರಯ್ಯ. ಹೆಸರು ಬಲ್ಲವರು ಬಹಳ, ಬಾಳನ್ನು ಕುರಿತು ಚಿಂತಿಸಿದವರು ವಿರಳ.

ಈ ಶರಣನ ಚರಿತ್ರೆಯನ್ನು ನಾವು ಕಟ್ಟಿಕೊಳ್ಳಬೇಕಾದುದು ಅವನ ಹೆಸರಿನಿಂದ, ಅವನ ಕಾಯಕದಿಂದ ಮತ್ತು ಅವನ ವಚನಗಳಿಂದ. ಶಾಸನಗಳು ಅರಸರನ್ನೂ ದಾನಿಗಳನ್ನೂ ನೆನೆಯುತ್ತವೆಯೇ ಹೊರತು ಬೀದಿಯ ಬದಿಯಲ್ಲಿ ಗಡಿಗೆಯಿಟ್ಟು ಕುಳಿತವನನ್ನು ನೆನೆಯುವುದಿಲ್ಲ. ಆದರೂ ಅವನು ಬಾಳಿದ ಊರು ನಮಗೆ ಅಪರಿಚಿತವಲ್ಲ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಮಾರಯ್ಯನಿಗಿಂತ ಒಂದು ತಲೆಮಾರು ಹಿಂದೆ, ೧೧೨೬ರಿಂದ ೧೧೩೮ರವರೆಗೆ, ಅಲ್ಲಿ ಆಳಿದವನು ಚಾಲುಕ್ಯ ಮೂರನೆಯ ಸೋಮೇಶ್ವರ. ಅವನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳುಳ್ಳ ಬೃಹದ್ಗ್ರಂಥ. ಅರಮನೆಯ ಅಡುಗೆ, ಉಡುಗೆ, ಬೇಟೆ, ಸಂಗೀತಗಳೊಡನೆ ಮದಿರಾಪಾನವನ್ನೂ ಅರಸನು ಒಂದು ಕ್ರೀಡೆಯಾಗಿ ವರ್ಣಿಸಿದ್ದಾನೆ. ಯಾವ ಸಂತೋಷಕೂಟಕ್ಕೆ ಯಾವ ಪಾನವೆಂದು ಆರಿಸುವುದು ಅಲ್ಲಿ ನಾಗರಿಕತೆಯ ಲಕ್ಷಣ. ಅದೇ ಪಟ್ಟಣದಲ್ಲಿ ದುಡಿದು ದಣಿದ ಕೂಲಿಯವನಿಗೆ ಅಂಥ ಆಯ್ಕೆ ಎಲ್ಲಿಯದು? ಅವನಿಗೆ ಒದಗುತ್ತಿದ್ದುದು ಮರದಿಂದ ಇಳಿದ ಹೆಂಡ. ಅದನ್ನು ಅಳೆದುಕೊಡುತ್ತಿದ್ದುದು ಮಾರಯ್ಯನಂಥವರ ಕೈ.

ಈ ಕಾಯಕದ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು. ಈಚಲು, ತೆಂಗು, ತಾಳೆಗಳಿಂದ ರಸ ಇಳಿಸುವ ಕ್ರಮ ಶತಮಾನಗಳಿಂದ ಹೆಚ್ಚು ಬದಲಾದುದಲ್ಲ. ಸಂಜೆ ಮರವೇರಿ, ಹದವಾಗಿ ಕೊಯ್ದು, ಗಡಿಗೆ ಕಟ್ಟಿ ಇಳಿಯಬೇಕು. ಬೆಳಗಿನ ಜಾವ ಮತ್ತೆ ಏರಬೇಕು. ತಂಪಿನಲ್ಲಿ ಆಗತಾನೆ ಇಳಿಸಿದ ರಸ ಸಿಹಿಯಾಗಿರುತ್ತದೆ. ಬಿಸಿಲೇರಿದಂತೆ ಅದು ಹುದುಗಿ ನೊರೆಯೇಳುತ್ತದೆ, ಸಕ್ಕರೆಯ ಅಂಶವು ಮದ್ಯವಾಗುತ್ತದೆ; ಇನ್ನೂ ಇಟ್ಟರೆ ಹುಳಿಯಾಗಿ ಕೆಡುತ್ತದೆ. ದ್ರಾಕ್ಷಿಯ ಮದ್ಯವನ್ನು ವರ್ಷಗಟ್ಟಲೆ ಕಾದಿಡಬಹುದು; ಹೆಂಡವು ಹಾಗೆ ಕಾದಿಟ್ಟು ಮಾರುವ ಸರಕಲ್ಲ. ಆ ದಿನದ್ದು ಆ ದಿನವೇ ಖರ್ಚಾಗಬೇಕು. ಆದುದರಿಂದ ಹೆಂಡದವನಿಗೆ ಗಿರಾಕಿಯನ್ನು ಹಿಂದಕ್ಕೆ ಕಳುಹಿಸುವುದೆಂದರೆ ಅಂದಿನ ಅನ್ನವನ್ನೇ ಹಿಂದಕ್ಕೆ ಕಳುಹಿಸಿದಂತೆ. ಈ ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕು.

ಚಾಲುಕ್ಯರ ಸಿಂಹಾಸನವನ್ನು ಕಳಚೂರಿ ಬಿಜ್ಜಳನು ಆಕ್ರಮಿಸಿದ ಕಾಲ. ಅವನ ಭಂಡಾರಿಯಾದ ಬಸವಣ್ಣನ ಸುತ್ತ ನೆರೆದ ಶರಣರ ಹೆಸರುಗಳೇ ಒಂದು ಬೀದಿಯಂತಿವೆ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಸುಂಕದ ಬಂಕಣ್ಣ, ನುಲಿಯ ಚಂದಯ್ಯ. ಇವು ಗೌರವದ ದುಡಿಮೆಗಳು. ಆದರೆ ಅದೇ ಬೀದಿಯಲ್ಲಿ ಸೂಳೆ ಸಂಕವ್ವೆಯೂ ಇದ್ದಳು, ಹೆಂಡದ ಮಾರಯ್ಯನೂ ಇದ್ದನು. ಲೋಕವು ಯಾವ ಶಬ್ದವನ್ನು ಬೈಗುಳವಾಗಿ ಬಳಸಿತೋ ಅದನ್ನು ಶರಣರು ಒರಸಿ ಹಾಕಲಿಲ್ಲ. ಅದರ ಮುಂದೆ ಅವ್ವೆಯೆಂದೋ ಅಯ್ಯನೆಂದೋ ಸೇರಿಸಿದರು. ಮಾರಯ್ಯನ ಪಾಲಿಗೆ ಅದು ಎಂಥ ಅನುಭವವಾಗಿದ್ದಿತೆಂಬುದನ್ನು ಊಹಿಸಬಹುದು. ಹಗಲೆಲ್ಲ ಏಕವಚನದಲ್ಲಿ ಕೂಗಿಸಿಕೊಂಡವನು ಅನುಭವಗೋಷ್ಠಿಯಲ್ಲಿ ಅಯ್ಯನಾದನು.

ಹೆಂಡವನ್ನು ಮಾರುತ್ತಲೇ ಕುಡಿಯಬಂದವರಿಗೆ ಕುಡಿತದ ಕೇಡನ್ನು ತಿಳಿಸಿ ಅವರ ಮನಸ್ಸನ್ನು ತಿರುಗಿಸುತ್ತಿದ್ದನೆಂದು ಪರಂಪರೆ ಅವನನ್ನು ಕುರಿತು ಹೇಳುತ್ತದೆ. ಮೇಲುನೋಟಕ್ಕೆ ಇದು ವಿಚಿತ್ರ. ಮಾರುವವನೇ ಬೇಡವೆಂದರೆ ವ್ಯಾಪಾರ ನಡೆದೀತೆ? ಈ ಪ್ರಶ್ನೆಯನ್ನು ನನ್ನ ಮುಂದೆ ಬಹಳ ಗಂಭೀರವಾಗಿ ಇಟ್ಟವನು ಹೊನ್ನಾಳಿಯ ಕಡೆಯ ಒಬ್ಬ ವಿದ್ಯಾರ್ಥಿ.

ನಮ್ಮ ಕಾಲೇಜಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಮಕ್ಕಳು ಬರುತ್ತಾರೆ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯನ್ನು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಒಂದು ಕಡೆ ಅಡಕೆಯ ತೋಟ, ಒಂದು ಕಡೆ ತುಂಗಭದ್ರೆಯ ದಂಡೆಯ ಗದ್ದೆ, ಇನ್ನೊಂದು ಕಡೆ ಮಳೆಗೆ ಬಾಯ್ಬಿಟ್ಟ ಬಯಲು. ನೆಲ ಬೇರೆಯಾದರೂ ಪೇಟೆಯ ಬೀದಿಯಲ್ಲಿ ವೈನ್ ಶಾಪಿನ ಫಲಕ ಒಂದೇ ಬಗೆ. ಅಲ್ಲಿ ಬಿಕರಿಯಾಗುವುದರಲ್ಲಿ ವೈನಿನ ಪಾಲು ಅತ್ಯಲ್ಪ. ಹೆಸರು ಮಾತ್ರ ಅದರದು. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಬಡವರೂ ಇದೇ ಬಾಗಿಲಿಗೆ ಬರಬೇಕಾಯಿತು.

ಆ ಹುಡುಗನ ತಂದೆಯದು ಅಂಥದೊಂದು ಅಂಗಡಿ. ವಚನ ಸಾಹಿತ್ಯದ ಪಾಠವಾದ ದಿನ ಅವನು ನನ್ನ ಕೊಠಡಿಗೆ ಬಂದು, ಮಾರಯ್ಯನು ಕೊನೆಗೆ ಅಂಗಡಿಯನ್ನು ಮುಚ್ಚಿದನೇ ಇಲ್ಲವೇ ಎಂದು ಕೇಳಿದನು. ಅರ್ಜಿಗಳಲ್ಲಿ ತಂದೆಯ ಉದ್ಯೋಗವನ್ನು ಬರೆಯುವಾಗ ವ್ಯಾಪಾರವೆಂದಷ್ಟೇ ಬರೆಯುವ ಹುಡುಗ ಅವನು. ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಇಡಲೆಂದು ವರ್ಷಕ್ಕೊಮ್ಮೆ ಬರುವವರು ಸತ್ತವರಿಗೆ ಪ್ರಿಯವಾಗಿದ್ದುದನ್ನು ನೆನೆದು ಆರಿಸುತ್ತಾರಂತೆ. ಯುಗಾದಿಯ ಮರುದಿನದ ಮಾಂಸದೂಟಕ್ಕೆ ಕೊಳ್ಳುವವರು ಎಷ್ಟು ಮಂದಿಗೆ ಎಷ್ಟು ಸಾಕೆಂದು ಅವನ ತಂದೆಯನ್ನೇ ಕೇಳುತ್ತಾರಂತೆ. ಆ ವ್ಯಾಪಾರದಲ್ಲಿ ತಂದೆಗೆ ಸಂಕೋಚವಿಲ್ಲ. ಸಂತೆಯ ದಿನ ಕೂಲಿಯ ಹಣವನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಬರುವ ಕೆಲವರಿಗೆ ಮಾತ್ರ, ಬಾಟಲಿಗಳು ಎದುರಿಗೇ ಇದ್ದರೂ, ಸರಕು ಮುಗಿಯಿತೆಂದು ಹೇಳಿ ಕಳುಹಿಸಿಬಿಡುತ್ತಾರೆ. ಅವರು ಬೈಯುತ್ತ ಮುಂದಿನ ಅಂಗಡಿಗೆ ಹೋಗುತ್ತಾರೆ. ಇದರಿಂದ ಫಲವೇನೆಂದು ಹುಡುಗನ ಪ್ರಶ್ನೆ.

ನಾನು ಅವನಿಗೆ ಹೇಳಿದುದನ್ನೇ ಇಲ್ಲಿ ವಿಸ್ತರಿಸುತ್ತೇನೆ. ಅಂಗಡಿ ಮುಚ್ಚಿದ ಕಥೆಯನ್ನು ಪರಂಪರೆ ಮುಖ್ಯವೆಂದು ಎಣಿಸಿದ್ದರೆ ಆ ಶರಣನ ಹೆಸರು ಬೇರೆಯಾಗುತ್ತಿತ್ತು. ಹೆಂಡದ ಎಂಬ ಮಾತು ಅವನಿಗೆ ಕೊನೆಯವರೆಗೂ ಅಂಟಿಕೊಂಡು ಬಂದಿದೆ. ಹಾಗೆಂದು ಶರಣರು ಹೆಂಡವನ್ನು ಮೆಚ್ಚಿದರೆಂದು ಭಾವಿಸಬಾರದು. ಕಾಯಕವೆಂದರೆ ಕೇವಲ ದುಡಿಮೆಯಲ್ಲ. ಅದು ಶುದ್ಧ ಮನಸ್ಸಿನಿಂದ ನಡೆಯಬೇಕು, ಅದರ ಫಲ ದಾಸೋಹಕ್ಕೆ ಸಲ್ಲಬೇಕು. ಪರರ ಮನೆಯ ಒಲೆಯನ್ನು ಆರಿಸಿ ತಂದ ಹಣ ದಾಸೋಹಕ್ಕೆ ಸಲ್ಲುವುದೆಂತು? ಮಾರಯ್ಯನ ಸಂಕಟ ಇದೇ. ಅಂದಂದಿಗೇ ಕೆಡುವ ಸರಕನ್ನು ಮುಂದಿಟ್ಟುಕೊಂಡು, ಬಂದ ಗಿರಾಕಿಗೆ ಬುದ್ಧಿ ಹೇಳಿದವನು ತನ್ನ ನಷ್ಟವನ್ನು ತಾನೇ ಅಳೆದುಕೊಂಡನು. ಉಪದೇಶ ಮಾಡುವವರಿಗೆ ಸಾಮಾನ್ಯವಾಗಿ ಖರ್ಚಿಲ್ಲ. ಮಾರಯ್ಯನ ಉಪದೇಶಕ್ಕೆ ದಿನವೂ ಖರ್ಚಿತ್ತು. ಮುಂದಿನ ಅಂಗಡಿ ತೆರೆದಿದೆಯೆಂಬುದು ಅವನಿಗೂ ತಿಳಿಯದ ಸಂಗತಿಯಲ್ಲ.

ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನ ೧೨ ವಚನಗಳು ದೊರೆತಿವೆ. ಅವುಗಳಲ್ಲಿ ಒಂದರಲ್ಲಿ ಅವನು ತನ್ನ ವ್ಯಾಪಾರದ ಮಾತನ್ನೇ ಎತ್ತಿಕೊಂಡು, ತಾನು ಮಾರಲು ತಂದುದಕ್ಕೆ ಕೊಳ್ಳುವವರೇ ಇಲ್ಲವೆಂದು ಹೇಳಿಕೊಳ್ಳುತ್ತಾನೆ. ಹೆಂಡಕ್ಕೆ ಗಿರಾಕಿಗಳಿಲ್ಲದ ಊರುಂಟೆ? ಆದರೆ ಅಲ್ಲಿ ಅವನು ಬಳಸುವ ಶಬ್ದ ಸುರೆಯಲ್ಲ, ಸುಧೆ. ಹೊರಗಿನ ಪಾತ್ರೆಗೂ ಒಳಗಿನ ಇಂದ್ರಿಯಗಳಿಗೂ ಉಣಿಸಿ ಉಣಿಸಿ ದಣಿದಮೇಲೆ, ಕಣ್ಣು ಮುಚ್ಚಿ ಮತ್ತೆ ತೆರೆದಾಗ ತನ್ನ ದೈವವು ಕಾಣಿಸಿತೆಂಬುದು ಆ ವಚನದ ತಾತ್ಪರ್ಯ. ಒಂದೇ ಅಕ್ಷರದ ಅಂತರದಲ್ಲಿ ಇಡೀ ಬಾಳಿನ ಕಥೆಯಿದೆ ಎಂದು ನನಗೆ ತೋರುತ್ತದೆ. ಹಗಲಿನಲ್ಲಿ ಕೈಯಿಂದ ಕೈಗೆ ದಾಟಿಸಿದುದು ಒಂದು. ಕೊಡಬೇಕೆಂದು ಹಂಬಲಿಸಿದುದು ಇನ್ನೊಂದು. ಮೊದಲನೆಯದಕ್ಕೆ ಸಾಲು ನಿಂತವರು ಎರಡನೆಯದಕ್ಕೆ ಬರಲಿಲ್ಲ. ಅವರನ್ನು ಅವನು ಶಪಿಸುವುದಿಲ್ಲ. ದಣಿವನ್ನು ಮಾತ್ರ ತೋಡಿಕೊಳ್ಳುತ್ತಾನೆ.

೧೧೬೭ರ ಸುಮಾರಿಗೆ ಕಲ್ಯಾಣವು ಹೊತ್ತಿ ಉರಿಯಿತು. ಬಿಜ್ಜಳನು ಹತನಾದನು, ಶರಣರು ದಿಕ್ಕುದಿಕ್ಕಿಗೆ ಚದರಿದರು. ವಚನಗಳ ಕಟ್ಟುಗಳು ಎಷ್ಟೋ ಮನೆಗಳ ಜಗಲಿಯನ್ನು ಹಾದು, ಓಲೆಯಿಂದ ಓಲೆಗೆ ಪ್ರತಿಯಾಗಿ ಉಳಿದವು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಮಾಡಿಸಿದ ಮೇಲೆ ಈ ಸಾಹಿತ್ಯ ನಾಡಿಗೆಲ್ಲ ತೆರೆಯಿತು. ೧೯೯೩ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ೧೫ ಸಂಪುಟಗಳ ಸಮಗ್ರ ವಚನ ಸಾಹಿತ್ಯವು ಸಣ್ಣ ಸಣ್ಣ ವಚನಕಾರರಿಗೂ ಸ್ಥಾನ ಕೊಟ್ಟಿತು. ಅರಮನೆಯ ಪಾನಕ್ರೀಡೆಯ ವರ್ಣನೆಯನ್ನು ಇಂದು ವಿದ್ವಾಂಸರಷ್ಟೇ ತೆರೆದು ನೋಡುತ್ತಾರೆ. ಬೀದಿಯ ಹೆಂಡದವನ ಮಾತನ್ನು ಕನ್ನಡ ಬಲ್ಲ ಯಾರಾದರೂ ಓದಬಹುದು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಶರಣರ ಹೆಸರಿನ ಪಟ್ಟಿಯನ್ನು ತರಗತಿಯಲ್ಲಿ ಓದುವಾಗ ಈ ಹೆಸರಿನ ಬಳಿ ಅವಸರಪಡದೆ ಒಂದು ಕ್ಷಣ ನಿಲ್ಲಬೇಕು. ನಗುವ ಮಕ್ಕಳ ನಡುವೆ ನಗದೆ ತಲೆ ತಗ್ಗಿಸಿ ಕುಳಿತ ಒಬ್ಬನಿರಬಹುದು. ಆ ಹನ್ನೆರಡು ವಚನಗಳನ್ನು ಅವನ ಕೈಗೆ ಕೊಟ್ಟರೆ ಸಾಕು. ಓದಿ ಮುಗಿಸಲು ಅರ್ಧ ಗಂಟೆಯೂ ಬೇಡ.